ತಕ್ಕಡಿ ಪಕ್ಕದಲ್ಲಿ ಸೂರಾ ರಹಮಾನ್

ದಾವಣಗೆರೆಯ ಹಳೇ ಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಒಂದು ಸುತ್ತು ಹಾಕಿದರೆ, ಯಾವ ಅಂಗಡಿ ಯಾರದು ಅಂತ ಬೋರ್ಡ್ ಓದದೆಯೇ ಹೇಳಬಹುದು. ಒಂದು ಕಡೆ ಸುಪ್ರಭಾತ, ಇನ್ನೊಂದು ಕಡೆ ವಚನ, ಮತ್ತೊಂದು ಕಡೆ ಕುರ್‌ಆನ್ ತಿಲಾವತ್. ನಮ್ಮವರ ಅಂಗಡಿಗಳಲ್ಲಿ ಕಸ ಗುಡಿಸಿ, ಬಾಗಿಲಿಗೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆ ಒರೆಸಿದ ಮೇಲೆ ಮೊಬೈಲನ್ನು ತಕ್ಕಡಿ ಪಕ್ಕ ಒರಗಿಸಿ ಕುರ್‌ಆನಿನ ಒಂದು ಅಧ್ಯಾಯ, ಸೂರಾ ರಹಮಾನೋ ಸೂರಾ ಯಾಸೀನೋ, ಹಾಕುತ್ತಾರೆ. ಬರ್ಕತ್ ಬರಲಿ ಅಂತ. ಅದು ಅದರ ಪಾಡಿಗೆ ಓದುತ್ತಿರುತ್ತದೆ, ಇವರು ಇವರ ಪಾಡಿಗೆ ಮಂಡಕ್ಕಿ ಚೀಲ ಇಳಿಸಿಕೊಳ್ಳುತ್ತಿರುತ್ತಾರೆ. ನಡುವೆ ಫೋನ್ ಬಂದರೆ ಸೂರಾ ಅರ್ಧಕ್ಕೆ ನಿಲ್ಲುತ್ತದೆ, ರೇಟು ಮಾತಾಡಿ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಒಮ್ಮೆ ಇದನ್ನೇ ಎತ್ತಿದರು. “ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ಆ ಅಂಗಡಿಯೋರಿಗೆ ಅರಬ್ಬಿ ಬರಲ್ಲ, ನಿಮಗೂ ಪೂರ್ತಿ ಬರಲ್ಲ ಅಂತೀರಿ. ಹಂಗಿದ್ಮೇಲೆ ಸುಮ್ನೆ ಕೇಳೋದ್ರಿಂದ ಏನಾದ್ರೂ ಪ್ರಯೋಜನ ಐತೇನ್ರಿ?” ಕೇಳಿದ ಧಾಟಿಯಲ್ಲಿ ಕುಹಕ ಇರಲಿಲ್ಲ. ಅವರ ತಾಯಿ ಶ್ರಾವಣದಲ್ಲಿ ಮಠದ ಪುರಾಣ ಪ್ರವಚನಕ್ಕೆ ತಪ್ಪದೆ ಹೋಗುತ್ತಾರಂತೆ, ಅರ್ಧ ಹೊತ್ತು ತೂಕಡಿಸುತ್ತಾರಂತೆ, ಆದರೂ ಮನೆಗೆ ಬಂದಾಗ ಮುಖದಲ್ಲಿ ಒಂದು ಕಳೆ ಇರುತ್ತದಂತೆ. ಅದಕ್ಕೇ ಕೇಳಿದ್ದು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಐತೆ ಸಾರ್, ಆದ್ರೆ ಯೂಟ್ಯೂಬಿನೋರು ಹೇಳ್ತಾರಲ್ಲ, ಅದಲ್ಲ” ಅಂದು ಕ್ಲಾಸಿಗೆ ಹೋದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕನ್ನಡ ಕಲಿಸುವವಳು. ಮನೆಮಾತು ದಖನಿ. ಅರಬ್ಬಿ ಅಕ್ಷರ ಓದಲು ಕಲಿತದ್ದು ಚಿಕ್ಕಂದಿನಲ್ಲಿ ಚಿತ್ರದುರ್ಗದ ಓಣಿಯ ಮದ್ರಸಾದಲ್ಲಿ. ಅರ್ಥ ತಿಳಿಯತೊಡಗಿದ್ದು ತುಂಬ ತಡವಾಗಿ, ಅದೂ ಕನ್ನಡದ ಮೂಲಕ.

ಯೂಟ್ಯೂಬಿನ ಮಾತು ಮೊದಲು ಮುಗಿಸಿಬಿಡುತ್ತೇನೆ. “ಈ ಸೂರಾ ರಾತ್ರಿಯಿಡೀ ಹಾಕಿಟ್ಟು ಮಲಗಿ, ಶುಗರ್ ಇಳಿಯುತ್ತದೆ.” “ಇದನ್ನು ಇಷ್ಟು ಸಲ ಕೇಳಿ, ಸಾಲ ತೀರುತ್ತದೆ.” ಇಂಥ ವಿಡಿಯೋಗಳು ನಮ್ಮ ಮನೆಗಳ ಫೋನಿನಿಂದ ಫೋನಿಗೆ ದಿನವೂ ಹರಿದಾಡುತ್ತವೆ. ಇವನ್ನು ನಂಬಿ ಮಾತ್ರೆ ನುಂಗುವುದನ್ನು ಬಿಟ್ಟ ಹೆಂಗಸರನ್ನು ನಾನು ಬಲ್ಲೆ, ಅದಕ್ಕೇ ಕೋಪ ಬರುತ್ತದೆ. ರೋಗ ಬಂದಾಗ ಚಿಕಿತ್ಸೆ ಮಾಡಿಸಿಕೊಳ್ಳಿ, ದೇವರು ಮದ್ದಿಲ್ಲದ ರೋಗವನ್ನು ಇಟ್ಟಿಲ್ಲ ಎಂದು ಪ್ರವಾದಿ ಮುಹಮ್ಮದರೇ (ಸ: ಅವರ ಮೇಲೆ ಶಾಂತಿಯಿರಲಿ) ಹೇಳಿದ್ದು ಹದೀಸಿನಲ್ಲಿದೆ, ಅಂದರೆ ಅವರ ನುಡಿ ನಡೆಗಳ ದಾಖಲೆಯಲ್ಲಿದೆ. ಕುರ್‌ಆನ್ ತನ್ನನ್ನು ವಿಶ್ವಾಸಿಗಳಿಗೆ ಶಿಫಾ (ವಾಸಿ ಮಾಡುವಂಥದ್ದು) ಮತ್ತು ಕರುಣೆ ಎಂದು ಕರೆದುಕೊಂಡಿರುವುದು ನಿಜ, 17ನೇ ಸೂರಾದ 82ನೇ ಆಯತ್ (ವಾಕ್ಯ) ಅದು. ಆದರೆ ಆ ಮಾತನ್ನು ಹಿಡಿದುಕೊಂಡು ಡಯಾಲಿಸಿಸ್ ಬಿಡಿ ಅನ್ನುವವರು ಕುರ್‌ಆನಿಗೂ ದ್ರೋಹ ಮಾಡುತ್ತಾರೆ, ರೋಗಿಗೂ ದ್ರೋಹ ಮಾಡುತ್ತಾರೆ.

ಹಾಗಾದರೆ ಕೇಳುವುದಕ್ಕೆ ಏನು ಸಿಗುತ್ತದೆ ಅಂತ ಗ್ರಂಥವೇ ಹೇಳುತ್ತದೆ? 7ನೇ ಸೂರಾ ಅಲ್-ಆರಾಫ್‌ನ 204ನೇ ಆಯತ್ ಹೀಗಿದೆ: ಕುರ್‌ಆನ್ ಓದುತ್ತಿರುವಾಗ ಅದಕ್ಕೆ ಕಿವಿಗೊಡಿ, ಸುಮ್ಮನಿರಿ, ನಿಮ್ಮ ಮೇಲೆ ಕರುಣೆ ತೋರಲಾದೀತು. ಸಾಲ, ಶುಗರ್, ಮದುವೆ, ನೌಕರಿ, ಯಾವುದರ ಸುದ್ದಿಯೂ ಇಲ್ಲ. ಕೇಳಿದವರಿಗೆ ಕರುಣೆ, ಅದೂ ಸುಮ್ಮನಿದ್ದು ಕೇಳಿದವರಿಗೆ. ಒಂದೊಂದು ಅಕ್ಷರಕ್ಕೆ ಹತ್ತು ಪುಣ್ಯ ಅನ್ನುವ ಹೆಸರಾಂತ ಹದೀಸ್ ಇದೆಯಲ್ಲ, ಅದು ಓದುವವರ ಬಗ್ಗೆ ಹೇಳಿದ್ದು. ತೊದಲುತ್ತ ಕಷ್ಟಪಟ್ಟು ಓದುವವನಿಗೆ ಎರಡು ಪಾಲು ಸವಾಬ್ (ಪುಣ್ಯ) ಅನ್ನುವುದೂ ಓದುವವರ ಬಗ್ಗೆಯೇ. ಕೇಳುಗರಿಗೆ ಲೆಕ್ಕ ಕೊಟ್ಟಿಲ್ಲ, ಸುಮ್ಮನಿರಿ ಎಂಬ ಷರತ್ತು ಮಾತ್ರ ಕೊಟ್ಟಿದೆ.

ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಬರುವ ಒಂದು ಪ್ರಸಂಗ ನನಗೆ ಬಹಳ ಪ್ರೀತಿಯದು. ಪ್ರವಾದಿಯವರು(ಸ) ತಮ್ಮ ಸಂಗಡಿಗ ಅಬ್ದುಲ್ಲಾ ಇಬ್ನ್ ಮಸ್‌ಊದ್ ಅವರನ್ನು ಕರೆದು, ನನಗೆ ಕುರ್‌ಆನ್ ಓದಿ ಹೇಳು ಅನ್ನುತ್ತಾರೆ. ಅವರಿಗೆ ಆಶ್ಚರ್ಯ. ಇದು ಇಳಿದದ್ದೇ ನಿಮ್ಮ ಮೇಲೆ, ನಾನು ನಿಮಗೆ ಓದಿ ಹೇಳುವುದೇ ಎಂದು ಕೇಳುತ್ತಾರೆ. ಬೇರೆಯವರ ಬಾಯಿಂದ ಕೇಳುವುದು ನನಗಿಷ್ಟ ಎಂದು ಉತ್ತರ. ಇಬ್ನ್ ಮಸ್‌ಊದ್ ಸೂರಾ ನಿಸಾ ಓದತೊಡಗುತ್ತಾರೆ. 41ನೇ ಆಯತ್ ಬರುತ್ತದೆ: ಪ್ರತಿಯೊಂದು ಸಮುದಾಯದಿಂದ ಒಬ್ಬೊಬ್ಬ ಸಾಕ್ಷಿಯನ್ನು ತಂದು ನಿಲ್ಲಿಸಿ, ಇವರ ಮೇಲೆ ಸಾಕ್ಷಿಯಾಗಿ ನಿನ್ನನ್ನು ನಿಲ್ಲಿಸಿದ ದಿನ ಹೇಗಿದ್ದೀತು? ಅಲ್ಲಿಗೆ, ಸಾಕು ಎಂಬ ದನಿ ಕೇಳುತ್ತದೆ. ತಲೆಯೆತ್ತಿ ನೋಡಿದರೆ ಪ್ರವಾದಿಯವರ ಕಣ್ಣಲ್ಲಿ ನೀರು ಹರಿಯುತ್ತಿದೆ. ಇಡೀ ಗ್ರಂಥವನ್ನು ಎದೆಯಲ್ಲಿ ಇಟ್ಟುಕೊಂಡವರಿಗೂ ಅದೇ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಹೊಸದಾಗಿ ನಾಟಿತು. ಓದುವಾಗ ಮಾತು ನಮ್ಮ ಹತೋಟಿಯಲ್ಲಿರುತ್ತದೆ, ಬೇಕಾದಲ್ಲಿ ನಿಲ್ಲುತ್ತೇವೆ, ಬೇಡವೆನಿಸಿದ್ದನ್ನು ಬೇಗ ದಾಟುತ್ತೇವೆ. ಕೇಳುವಾಗ ಆ ಅಧಿಕಾರ ನಮ್ಮ ಕೈಯಲ್ಲಿಲ್ಲ. ಬಂದದ್ದನ್ನು ಬಂದ ಹಾಗೆ ತೆಗೆದುಕೊಳ್ಳಬೇಕು.

ಇನ್ನು ಮೇಷ್ಟ್ರಿಗೆ ಬೇಕಾದ ದೇಹದ ಲೆಕ್ಕ. ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಜನ ಆರೋಗ್ಯವಂತರಿಂದ ಲ್ಯಾಟಿನ್‌ನಲ್ಲಿ ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು, ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ವ್ಯವಸ್ಥೆ ಚುರುಕಾಯಿತು. ಅದು ಬಾಯಲ್ಲಿ ಹೇಳುವವರ ಮೇಲಿನ ಅಧ್ಯಯನ. ಅವರೇ 2006ರಲ್ಲಿ ‘ಹಾರ್ಟ್’ ಎಂಬ ಪತ್ರಿಕೆಯಲ್ಲಿ ಕೇಳುವವರ ಮೇಲಿನದನ್ನೂ ಪ್ರಕಟಿಸಿದರು. 24 ಜನಕ್ಕೆ ಬೇರೆ ಬೇರೆ ಸಂಗೀತ ಕೇಳಿಸಿ, ನಡುವೆ ಎರಡು ನಿಮಿಷದ ಮೌನ ಇಟ್ಟಿದ್ದರು. ಲಯ ಜೋರಾದಂತೆ ಉಸಿರು, ಎದೆಬಡಿತ ಏರಿದವು. ಆ ಮೌನದಲ್ಲಿ ಸಂಗೀತ ಶುರುವಾಗುವ ಮುಂಚೆ ಇದ್ದದ್ದಕ್ಕಿಂತಲೂ ಕೆಳಗೆ ಇಳಿದವು.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಬ್ದುಲ್ ಬಾಸಿತ್ ಅಬ್ದುಸ್ಸಮದ್. ಈಜಿಪ್ಟಿನ ಈ ಖಾರಿ (ರಾಗವಾಗಿ ಕುರ್‌ಆನ್ ಓದುವವರು) 1988ರಲ್ಲಿ ತೀರಿಕೊಂಡರು, ಅವರ ಕ್ಯಾಸೆಟ್ಟುಗಳು ಮಾತ್ರ ಚಿತ್ರದುರ್ಗದ ನನ್ನ ತವರುಮನೆಯ ಟೇಪ್ ರೆಕಾರ್ಡರಿನಲ್ಲಿ ಆಮೇಲೂ ವರ್ಷಗಟ್ಟಲೆ ಓಡಿದವು. ಒಂದೇ ಉಸಿರಿನಲ್ಲಿ ಆಯತ್ ಮೇಲೆ ಆಯತ್ ಏರಿಸಿಕೊಂಡು ಹೋಗಿ, ಇನ್ನು ಎದೆ ಒಡೆದೀತು ಅನ್ನುವಾಗ ನಿಲ್ಲಿಸುತ್ತಿದ್ದರು. ಆಗ ಸಭೆಯಲ್ಲಿ ಕೂತವರು “ಅಲ್ಲಾಹ್” ಎಂದು ಉದ್ಗರಿಸುವುದು ಟೇಪಿನಲ್ಲೇ ಕೇಳುತ್ತಿತ್ತು. ಅದಾದ ಮೇಲೆ ಒಂದು ದೀರ್ಘ ಮೌನ. ನಮ್ಮ ಅಬ್ಬಾ ಆ ಮೌನದಲ್ಲಿ ಯಾರಾದರೂ ಮಾತಾಡಿದರೆ ಕೈಯೆತ್ತಿ ತಡೆಯುತ್ತಿದ್ದರು. ಕುರ್‌ಆನ್ ಓದುವ ವಿದ್ಯೆಯಲ್ಲಿ ನಿಲ್ಲುವುದಕ್ಕೇ ಒಂದು ಶಾಸ್ತ್ರವಿದೆ. ನಮ್ಮ ದೇಶದಲ್ಲಿ ಅಚ್ಚಾಗುವ ಪ್ರತಿಗಳಲ್ಲಿ ಸಾಲಿನ ಮೇಲೆ ಪುಟ್ಟ ಪುಟ್ಟ ಅಕ್ಷರ ಇರುತ್ತವೆ. ಮೀಮ್ ಇದ್ದರೆ ನಿಲ್ಲಲೇಬೇಕು, ಜೀಮ್ ಇದ್ದರೆ ನಿಲ್ಲಬಹುದು, ಲಾಮ್-ಅಲಿಫ್ ಇದ್ದರೆ ನಿಲ್ಲಬಾರದು. ದೀರ್ಘವನ್ನು ಎಷ್ಟು ಎಳೆಯಬೇಕು, ಮೂಗಿನಲ್ಲಿ ಎಷ್ಟು ಹೊತ್ತು ಗುನುಗಬೇಕು ಅನ್ನುವುದಕ್ಕೂ ಅಳತೆಯಿದೆ. ಹೀಗೆ ಉಸಿರಿಗೆ ಕಟ್ಟಿದ ಓದು ಕೇಳುವವರ ಉಸಿರನ್ನೂ ನಿಧಾನಕ್ಕೆ ತನ್ನ ಹಿಂದೆ ಎಳೆದುಕೊಳ್ಳುತ್ತದೆ ಅನ್ನುವುದು ನನ್ನ ಅನುಭವಕ್ಕೆ ಬಂದದ್ದು.

ಅಮ್ಮಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ ಅವರನ್ನು ಇಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಹಿಂದಿನ ರಾತ್ರಿ ಅವರಿಗೆ ಭಯ ಹತ್ತಿತು, ಕೈ ತಣ್ಣಗಾಗಿ ಮೇಲುಸಿರು ಬಿಡತೊಡಗಿದರು. ನರ್ಸಮ್ಮನನ್ನು ಕೇಳಿ, ದಿಂಬಿನ ಪಕ್ಕ ಫೋನಿಟ್ಟು ಸೂರಾ ಯಾಸೀನ್ ಸಣ್ಣಗೆ ಹಾಕಿದೆ. 83 ಆಯತ್‌ಗಳ ಸೂರಾ. ಅರ್ಧಕ್ಕೆ ಬರುವ ಹೊತ್ತಿಗೆ ಸೆರಗು ಹಿಂಡುತ್ತಿದ್ದ ಬೆರಳು ಸಡಿಲವಾಗಿದ್ದವು. ಪಕ್ಕದ ಹಾಸಿಗೆಯಲ್ಲಿ ಜಗಳೂರು ಕಡೆಯ ಒಬ್ಬ ಅಜ್ಜಿ ಇದ್ದರು. “ಏನವ್ವಾ ಅದು, ಚಲೋ ಐತೆ, ಒಂಚೂರು ಜೋರಾಗಿ ಇಡು” ಅಂದರು. ಅಮ್ಮಿಗೆ ಅದು ಹುಟ್ಟಿದಾಗಿನಿಂದ ಕೇಳಿದ ದನಿ, ಅದರ ಜೊತೆ ನಂಬಿಕೆ ಇತ್ತು, ಮಗಳು ಪಕ್ಕದಲ್ಲಿದ್ದಳು. ಅಜ್ಜಿಗೆ ಇವು ಯಾವುವೂ ಇರಲಿಲ್ಲ, ದನಿ ಒಂದೇ ಇತ್ತು. ಇಬ್ಬರಿಗೂ ಅಷ್ಟಿಷ್ಟು ನಿದ್ದೆ ಬಂತು. ಇದರಿಂದ ಸಿದ್ಧಾಂತ ಕಟ್ಟಲು ಬರುವುದಿಲ್ಲ, ಆದರೆ ಆ ರಾತ್ರಿಯ ಮಟ್ಟಿಗೆ ಉಪಕಾರವಾಯಿತು.

ಆಪರೇಷನ್ನಿನ ಮುಂಚಿನ ಆತಂಕಕ್ಕೆ ಸಂಗೀತ ಕೇಳಿಸಿದರೆ ಹೇಗೆ ಅನ್ನುವುದರ ಬಗ್ಗೆ 26 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ 2013ರಲ್ಲಿ ಬಂತು. ಆತಂಕ ಕಡಿಮೆಯಾಗುತ್ತದೆ ಎಂದೇ ಅದರ ತೀರ್ಮಾನ. ಕುರ್‌ಆನ್ ತಿಲಾವತ್ ಬಗ್ಗೆಯೂ ಇರಾನ್, ಈಜಿಪ್ಟ್, ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಬೇಕಾದಷ್ಟು ಅಧ್ಯಯನ ನಡೆದಿವೆ. ಬಹಳಷ್ಟರಲ್ಲಿ ಆತಂಕ ಇಳಿದದ್ದು ಕಂಡಿದೆ. ಆದರೆ ಅವುಗಳಲ್ಲಿ ಬಹುಪಾಲು ಸಣ್ಣವು. ಕೇಳಿದವರು ಹೆಚ್ಚಾಗಿ ಮುಸ್ಲಿಮರೇ, ಮೊದಲೇ ಆ ದನಿಗೆ ಒಗ್ಗಿದವರು. ತಾವು ಏನನ್ನು ಕೇಳುತ್ತಿದ್ದೇವೆ ಅನ್ನುವುದನ್ನು ಅವರಿಂದ ಮುಚ್ಚಿಡಲೂ ಆಗುವುದಿಲ್ಲ. ಆದ್ದರಿಂದ ಮೇಷ್ಟ್ರಿಗೆ ನಾನು ಹೇಳುವುದು ಇಷ್ಟು: ಮನಸ್ಸು ತಣ್ಣಗಾಗುತ್ತದೆ, ಅದರಲ್ಲಿ ಅನುಮಾನ ಬೇಡ. ಹಾಗೆ ತಣ್ಣಗಾಗಿಸುವುದು ಕುರ್‌ಆನ್ ಒಂದೇ ಅನ್ನುವ ಮಾತನ್ನು ವಿಜ್ಞಾನದ ಬಾಯಲ್ಲಿ ಹೇಳಿಸಲು ಹೋಗಬಾರದು. ನಿಮ್ಮ ತಾಯಿಯವರ ಮುಖದ ಕಳೆಗೂ ನಮ್ಮ ಅಮ್ಮಿಯ ಬೆರಳು ಸಡಿಲವಾದದ್ದಕ್ಕೂ ದೇಹದ ಮಟ್ಟದಲ್ಲಿ ನಂಟು ಇದ್ದೇ ಇದೆ.

ಆದರೆ ತಣ್ಣಗಾಗುವುದೇ ಕೇಳುವುದರ ಕೊನೆಯ ಲಾಭವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕೇಳುವುದು ಅಂದರೇನು ಅಂತ ನನಗೆ ಕಲಿಸಿದವನು ನನ್ನ ಮಗ.

ಅವನು ಹಿಫ್ಜ್ ಮಾಡುತ್ತಿದ್ದಾನೆ, ಅಂದರೆ ಇಡೀ ಕುರ್‌ಆನನ್ನು, 114 ಸೂರಾಗಳನ್ನು, ಬಾಯಿಪಾಠ ಮಾಡುತ್ತಿದ್ದಾನೆ. ಹಿಫ್ಜ್ ಓದುವ ಮಕ್ಕಳ ದಿನ ಮೂರು ಪಾಲಾಗಿರುತ್ತದೆ. ಹೊಸ ಪಾಠ ಸಬಕ್, ಇತ್ತೀಚೆಗೆ ಕಲಿತದ್ದು ಸಬ್ಕಿ, ಹಳೆಯದನ್ನು ತಿರುವಿ ಹಾಕುವುದು ಮಂಜಿಲ್. ಸಬಕ್ ಕೇಳುವುದು ಕಲಿಸುವ ಹಜ್ರತ್ ಕೆಲಸ. ಮಂಜಿಲ್‌ಗೆ ಮನೆಯಲ್ಲಿ ಯಾರಾದರೂ ಕೂರಬೇಕು, ಅದು ನನ್ನ ಪಾಲಿಗೆ ಬಂತು. ನಸುಕಿನ ಫಜರ್ ನಮಾಜ್ ಆದ ಮೇಲೆ, ಹಾಲಿನವನು ಬರುವುದರೊಳಗೆ, ಚಾಪೆ ಹಾಸಿ ಇಬ್ಬರೂ ಎದುರು ಬದುರು ಕೂರುತ್ತೇವೆ. ನನ್ನ ಮುಂದೆ ರೆಹಲ್ (ಗ್ರಂಥ ಇಡುವ ಮರದ ಪೀಠ) ಮೇಲೆ ಹದಿನೈದು ಸಾಲಿನ ಹಾಫಿಜಿ ಕುರ್‌ಆನ್. ಪ್ರತಿ ಪುಟವೂ ಆಯತ್ ಮುಗಿಯುವಲ್ಲಿಗೇ ಮುಗಿಯುವ ಹಾಗೆ ಅಚ್ಚು ಹಾಕಿದ್ದು. ಅವನು ಕಣ್ಣು ಮುಚ್ಚಿ, ಸೊಂಟದಿಂದ ಹಿಂದೆ ಮುಂದೆ ತೂಗುತ್ತ ಓದುತ್ತಾನೆ. ನಾನು ಪೆನ್ಸಿಲ್ ತುದಿಯನ್ನು ಸಾಲಿನ ಮೇಲೆ ಓಡಿಸುತ್ತ ಹೋಗುತ್ತೇನೆ. ತಪ್ಪಿದರೆ ರೆಹಲ್ ಮರಕ್ಕೆ ಪೆನ್ಸಿಲಿನಿಂದ ಒಂದು ತಟ್ಟು. ಅವನೇ ಹಿಂದಕ್ಕೆ ಹೋಗಿ ಸರಿ ಮಾಡಿಕೊಳ್ಳಬೇಕು, ಆಗದಿದ್ದರೆ ಮಾತ್ರ ನಾನು ಮುಂದಿನ ಪದ ಹೇಳಬೇಕು.

ಅವನ ದೊಡ್ಡ ಶತ್ರು ಒಂದರಂತೆ ಒಂದು ಇರುವ ಆಯತ್‌ಗಳು. ಕುರ್‌ಆನ್ ಪೂರ್ತಿ ಬಾಯಿಪಾಠವಿರುವ ಹಾಫಿಜ್‌ಗಳು ಇವಕ್ಕೆ ಮುತಶಾಬಿಹಾತ್ ಅನ್ನುತ್ತಾರೆ. ಸೂರಾ ಬಕರಾದಲ್ಲಿ 48ನೇ ಆಯತ್ ಮತ್ತು 123ನೇ ಆಯತ್ ಹೆಚ್ಚು ಕಡಿಮೆ ಒಂದೇ. ಯಾರೂ ಯಾರ ಕೆಲಸಕ್ಕೂ ಬಾರದ ಒಂದು ದಿನವಿದೆ, ಅದಕ್ಕೆ ಹೆದರಿ ಅನ್ನುವ ಮಾತು. ಮೊದಲನೆಯದರಲ್ಲಿ ಶಿಫಾರಸು ನಡೆಯುವುದಿಲ್ಲ ಅನ್ನುವುದು ಮೊದಲು ಬಂದು, ಪರಿಹಾರ ಕೊಟ್ಟು ಬಿಡಿಸಿಕೊಳ್ಳಲಾಗದು ಅನ್ನುವುದು ಆಮೇಲೆ ಬರುತ್ತದೆ. ಎರಡನೆಯದರಲ್ಲಿ ಹಿಂದು ಮುಂದು. ಎರಡೂ ಒಂದನೇ ಪಾರಾದಲ್ಲೇ, ಅಂದರೆ ಗ್ರಂಥದ 30 ಭಾಗಗಳಲ್ಲಿ ಮೊದಲನೆಯದರಲ್ಲೇ, ಇವೆ. 48ರಲ್ಲಿ ನಾಲಗೆ ಕೊಂಚ ಜಾರಿತೋ, ಹುಡುಗ ಅರ್ಧ ಪಾರಾ ಹಾರಿಸಿ 124ಕ್ಕೆ ಹೋಗಿ ಇಬ್ರಾಹಿಮರ ಕಥೆ ಹೇಳತೊಡಗುತ್ತಾನೆ! ರಾಗದಲ್ಲಿ ಒಂದಿಷ್ಟೂ ವ್ಯತ್ಯಾಸ ಇರುವುದಿಲ್ಲ, ದನಿಯಲ್ಲಿ ಅಳುಕಿರುವುದಿಲ್ಲ. ಕಿವಿ ಒಂದು ಗಳಿಗೆ ಬೇರೆಲ್ಲೋ ಹೋಗಿದ್ದರೆ, ಕುಕ್ಕರ್ ಸೀಟಿಯ ಕಡೆಗೆ ಹೋಗಿದ್ದರೂ ಸರಿ, ನನಗೆ ಗೊತ್ತೇ ಆಗುವುದಿಲ್ಲ.

ಇಷ್ಟು ಎಚ್ಚರದಿಂದ ನಾನು ಜೀವನದಲ್ಲಿ ಬೇರೆ ಯಾವುದನ್ನೂ ಕೇಳಿಲ್ಲ. ಮಗ ಏನು ಹೇಳಬೇಕಿತ್ತು ಅನ್ನುವುದಕ್ಕೂ ಏನು ಹೇಳಿದ ಅನ್ನುವುದಕ್ಕೂ ನಡುವೆ ಕಿವಿ ನಿಂತಿರಬೇಕು. ಹೀಗೆ ಕೂತಾಗ ಮನೆಯ ಚಿಂತೆ, ಶಾಲೆಯ ಮೌಲ್ಯಮಾಪನದ ಕಟ್ಟು, ಯಾರೋ ಆಡಿದ ಮಾತು, ಯಾವುದಕ್ಕೂ ಒಳಗೆ ಜಾಗ ಉಳಿಯುವುದಿಲ್ಲ. ಮತ್ತೆ, ಆ ಎರಡು ಆಯತ್‌ಗಳ ಗೊಂದಲದಲ್ಲಿ ಮಗನನ್ನು ಅಷ್ಟು ಸಲ ತಡೆದ ಮೇಲೆ, ಶಿಫಾರಸು ನಡೆಯದ ದಿನ ಅನ್ನುವ ಮಾತು ನನ್ನ ಒಳಗೇ ಕೂತುಬಿಟ್ಟಿದೆ. ವರ್ಗಾವಣೆಗೆ ಯಾರ ಕಡೆಯಿಂದ ಹೇಳಿಸೋಣ ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂದಾಗಲೆಲ್ಲ ಅದು ಕಿವಿಯಲ್ಲಿ ಓಡುತ್ತದೆ.

ರಮಜಾನಿನಲ್ಲಿ ಇದೇ ಕೆಲಸ ಮಸೀದಿಯಲ್ಲಿ ದೊಡ್ಡದಾಗಿ ನಡೆಯುತ್ತದೆ. ರಾತ್ರಿಯ ತರಾವೀಹ್ ನಮಾಜಿನಲ್ಲಿ ಹಾಫಿಜ್ ದಿನಕ್ಕೆ ಒಂದೋ ಒಂದೂಕಾಲೋ ಪಾರಾದಂತೆ ಓದಿ ತಿಂಗಳೊಳಗೆ 30 ಪಾರಾ ಮುಗಿಸುತ್ತಾರೆ. ನಮ್ಮ ಕಡೆ ಒಂದೂಕಾಲಕ್ಕೆ ಸವಾ ಪಾರಾ ಅನ್ನುತ್ತಾರೆ. ಅವರ ಬೆನ್ನ ಹಿಂದೆಯೇ, ಮೊದಲ ಸಾಲಿನಲ್ಲಿ, ಇನ್ನೊಬ್ಬ ಹಾಫಿಜ್ ನಿಂತಿರುತ್ತಾರೆ. ಅವರಿಗೆ ಸಾಮೆ ಅಂತ ಹೆಸರು. ಕೇಳುವುದೇ ಅವರ ಕೆಲಸ. ಮುಂದಿನವರು ತಪ್ಪಿದರೆ, ಮರೆತು ನಿಂತರೆ, ಇವರು ನಮಾಜಿನಲ್ಲಿ ಇದ್ದುಕೊಂಡೇ ಸರಿಯಾದ ಪದ ಎತ್ತಿಕೊಡುತ್ತಾರೆ. ಲುಕ್ಮಾ ಕೊಡುವುದು ಅನ್ನುತ್ತಾರೆ ಅದಕ್ಕೆ. ಎಷ್ಟೇ ದೊಡ್ಡ ಹಾಫಿಜ್ ಆಗಲಿ, ಕೇಳುವವರಿಲ್ಲದೆ ಮುಂದೆ ನಿಲ್ಲಲು ಹಿಂಜರಿಯುತ್ತಾರೆ. ಈ ಗ್ರಂಥ ಇಷ್ಟು ಶತಮಾನ ಬಾಯಿಂದ ಬಾಯಿಗೆ ಬಂದಿದೆ ಅನ್ನುತ್ತೇವೆ. ಅಷ್ಟೇ ಕಿವಿಗಳೂ ಅದನ್ನು ಕಾದಿವೆ. ನಮ್ಮ ಓಣಿಯ ಮಸೀದಿಯಲ್ಲಿ ಹೆಂಗಸರಿಗೆ ಜಾಗವಿಲ್ಲ, ನಾನು ಸಾಮೆಯನ್ನು ಕಂಡದ್ದು ಮಗನ ಮಾತಿನಲ್ಲೇ. ನಮ್ಮ ತಾಯಂದಿರು, ಅಜ್ಜಿಯರು ಗೋಡೆಯ ಆಚೆಯಿಂದ, ಮಹಡಿಯ ಮೇಲಿಂದ ಕೇಳಿಯೇ ಆಯುಷ್ಯ ಕಳೆದವರು. ಅವರ ಕೇಳುವಿಕೆಗೂ ಬೆಲೆಯಿದೆ ಅಂತ ಗಟ್ಟಿಯಾಗಿ ಹೇಳಬೇಕು ಅನಿಸುತ್ತದೆ. ಜಾಗ ಕೊಡಬೇಕು ಅಂತಲೂ ಹೇಳಬೇಕು.

ಇನ್ನೊಂದು ಸಂಗತಿ ಇದೆ. ಕುರ್‌ಆನಿನಲ್ಲಿ ಕೆಲವು ಆಯತ್‌ಗಳು ಬಂದಾಗ ಸಜ್ದಾ ಮಾಡಬೇಕು, ಹಣೆ ನೆಲಕ್ಕೆ ಮುಟ್ಟಿಸಬೇಕು. ನಮ್ಮ ಹನಫಿ ಪದ್ಧತಿಯಲ್ಲಿ ಇವು 14. ಓದಿದವರಷ್ಟೇ ಅಲ್ಲ, ಕೇಳಿದವರೂ ಮಾಡಬೇಕು. ಮಗ ಚಾಪೆಯ ಮೇಲೆ ಅಂಥ ಆಯತ್ ಓದಿದರೆ ಅವನ ಜೊತೆ ನನಗೂ ಆ ಹೊಣೆ ಬಿತ್ತು. ಆದರೆ ಅದೇ ಆಯತ್ ಮೊಬೈಲಿನ ರೆಕಾರ್ಡಿಂಗಿನಿಂದ ಬಂದರೆ ಸಜ್ದಾ ಕಡ್ಡಾಯವಲ್ಲ ಅನ್ನುತ್ತಾರೆ ಬಹಳಷ್ಟು ಹನಫಿ ಉಲಮಾಗಳು (ಧರ್ಮ ಪಂಡಿತರು). ಯಂತ್ರ ಕೆಟ್ಟದ್ದು ಅಂತಲ್ಲ. ಓದುವ ಜೀವ ಎದುರಿಗಿದ್ದಾಗ ಕೇಳುವವರ ಮೇಲೆ ಒಂದು ಋಣ ಬೀಳುತ್ತದೆ, ಯಂತ್ರದ ಮುಂದೆ ಹಾಗೆ ಬೀಳುವುದಿಲ್ಲ ಅಂತ ನಾನು ತಿಳಿದಿದ್ದೇನೆ. ಮೇಲೆ ಹೇಳಿದ ‘ಕಿವಿಗೊಡಿ, ಸುಮ್ಮನಿರಿ’ ಅನ್ನುವ ಮಾತಾಗಿ ಎರಡೇ ಆಯತ್ ಮುಂದಕ್ಕೆ, ಅಂದರೆ 206ರಲ್ಲಿ, ಕುರ್‌ಆನಿನ ಮೊಟ್ಟಮೊದಲ ಸಜ್ದಾ ಬರುತ್ತದೆ. ಕೇಳಿದ್ದು ಮೈಗೆ ಇಳಿಯಬೇಕು ಅಂತ ಅದರ ಅಪೇಕ್ಷೆ.

ಇಲ್ಲಿಂದ ಪೇಟೆಯ ಕಡೆ ತಿರುಗುತ್ತೇನೆ, ಯಾಕೆಂದರೆ ನನಗೆ ಹೇಳಬೇಕಾದ ಮುಖ್ಯ ಮಾತು ಇರುವುದು ಅಲ್ಲೇ. ಬರ್ಕತ್ತಿಗೆಂದು ಅಂಗಡಿಯಲ್ಲಿ ಹಾಕುವ ಸೂರಾ ರಹಮಾನ್ 55ನೆಯದು, 78 ಆಯತ್‌ಗಳದು. ‘ನಿಮ್ಮ ಒಡೆಯನ ಯಾವ ಯಾವ ಕೊಡುಗೆಯನ್ನು ಅಲ್ಲಗಳೆಯುತ್ತೀರಿ’ ಅನ್ನುವ ಪಲ್ಲವಿ 31 ಸಲ ಬರುತ್ತದೆ. ಅರ್ಥ ತಿಳಿಯದವರಿಗೂ ಆ ಪಲ್ಲವಿ ಬಂದಾಗ ಮೈ ಜುಮ್ ಅನ್ನುತ್ತದೆ. ಆದರೆ ಪಲ್ಲವಿ ಶುರುವಾಗುವ ಮೊದಲೇ, 7ರಿಂದ 9ನೇ ಆಯತ್‌ವರೆಗೆ, ಏನಿದೆ ನೋಡಿ. ಅವನು ಆಕಾಶವನ್ನು ಎತ್ತರಿಸಿದ, ತಕ್ಕಡಿಯನ್ನು ಇಟ್ಟ. ತಕ್ಕಡಿಯಲ್ಲಿ ಮೀರಿ ನಡೆಯಬೇಡಿ. ನ್ಯಾಯವಾಗಿ ತೂಗಿ, ತೂಕದಲ್ಲಿ ಕಡಿಮೆ ಮಾಡಬೇಡಿ. ಸೂರ್ಯ, ಚಂದ್ರ, ಗಿಡ, ಮರಗಳ ಮಾತಾದ ಕೂಡಲೇ ತಕ್ಕಡಿಯ ಮಾತು. ಮೊಬೈಲನ್ನು ಒರಗಿಸಿಟ್ಟಿದ್ದೂ ತಕ್ಕಡಿಗೇ! ಆ ಅಂಗಡಿಯವರು ಮೋಸಗಾರರು ಅನ್ನುತ್ತಿಲ್ಲ. ಮಂಡಕ್ಕಿ ಭಟ್ಟಿಗಳ ಬೆಂಕಿಯೆದುರು ಬೆವರು ಸುರಿಸಿ ದುಡಿದು ಉಣ್ಣುವ ಜನ ನಮ್ಮವರು. ಆದರೆ ದಿನವೂ ತಮ್ಮ ಕೈಯಡಿಯಲ್ಲೇ, ತಮ್ಮ ಕಸುಬಿನ ಬಗ್ಗೆಯೇ ದೇವರ ಮಾತು ಹೋಗುತ್ತಿದೆ ಅನ್ನುವುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇದು ಎಂಥ ನಷ್ಟ. 83ನೇ ಸೂರಾ ಮುತಫ್ಫಿಫೀನ್ ಇನ್ನೂ ನೇರ: ಜನರಿಂದ ಅಳೆದುಕೊಳ್ಳುವಾಗ ಪೂರ್ತಿ ತೆಗೆದುಕೊಂಡು, ತಾವು ಅಳೆದು ತೂಗಿ ಕೊಡುವಾಗ ಕಡಿಮೆ ಕೊಡುವವರಿಗೆ ಕೇಡು ಎಂದೇ ಅದು ಶುರುವಾಗುತ್ತದೆ. 107ನೇ ಸೂರಾ ಮಾಊನ್‌ನಲ್ಲಿ ಇರುವುದು 7 ಆಯತ್. ಅನಾಥನನ್ನು ದಬ್ಬುವವನು, ಬಡವನಿಗೆ ಉಣಿಸಲು ಹುರಿದುಂಬಿಸದವನು, ಇವನೇ ಧರ್ಮವನ್ನು ಸುಳ್ಳೆನ್ನುವವನು ಅನ್ನುತ್ತದೆ. ನಮಾಜ್ ಮಾಡಿಯೂ ಅದರ ಪರಿವೆಯಿಲ್ಲದವರಿಗೆ, ತೋರಿಕೆಗೆ ಮಾಡುವವರಿಗೆ, ಸಣ್ಣಪುಟ್ಟ ಬಳಕೆಯ ವಸ್ತುವನ್ನೂ ಕೊಡಲು ಹಿಂದೆಗೆಯುವವರಿಗೆ ಕೇಡು ಅನ್ನುತ್ತದೆ. ನಮಾಜಿನಲ್ಲಿ ಚಿಕ್ಕ ಸೂರಾ ಅಂತ ಎಷ್ಟೋ ಜನ ಓದುವುದು ಇದನ್ನೇ.

ಇದಕ್ಕೇ ನಾನು ಹೇಳುವುದು, ಬರೀ ಸಮಾಧಾನಕ್ಕೆ ಅಂತ ಕೇಳಿದರೆ ಅರ್ಧವೇ ಸಿಗುತ್ತದೆ. ಈ ಗ್ರಂಥ ತಲೆ ನೇವರಿಸುತ್ತದೆ, ಕೊರಳಪಟ್ಟಿ ಹಿಡಿದು ಕೇಳುತ್ತದೆ ಕೂಡ. ಅರ್ಥ ತಿಳಿಯದ ಕಿವಿಗೆ ನೇವರಿಸಿದ್ದು ಮಾತ್ರ ತಿಳಿಯುತ್ತದೆ. ನನಗೆ ಎರಡನೆಯದು ತಿಳಿದದ್ದು ಕನ್ನಡ ಅನುವಾದ ಕೈಗೆ ಬಂದ ಮೇಲೆ. ಮಂಗಳೂರಿನ ಶಾಂತಿ ಪ್ರಕಾಶನದಂಥವರು ಕನ್ನಡಕ್ಕೆ ತಂದ ಕುರ್‌ಆನ್ ನಮ್ಮಂಥ ಮನೆಗಳಿಗೆ ಮಾಡಿದ ಉಪಕಾರ ದೊಡ್ಡದು. ಉರ್ದು ಲಿಪಿ ಸರಾಗವಾಗಿ ಓದಲು ಬಾರದ, ಕನ್ನಡ ಶಾಲೆಯಲ್ಲೇ ಕಲಿತ ಒಂದು ಇಡೀ ತಲೆಮಾರಿದೆ ನಮ್ಮಲ್ಲಿ. ಅವರಿಗೆ ತಮ್ಮ ಧರ್ಮಗ್ರಂಥ ಮೊದಲ ಸಲ ಮಾತಾಡಿದ್ದು ಕನ್ನಡದಲ್ಲಿ. ನನ್ನ ಓಣಿಯ ಹೆಣ್ಣುಮಕ್ಕಳ ಖುರಾನ್ ಖ್ವಾನಿಯಲ್ಲಿ ಪಾರಾ ಹಂಚಿಕೊಂಡು ಓದಿ ಮುಗಿಸಿದ ಮೇಲೆ ಈಗ ನಾಲ್ಕು ಆಯತ್‌ನ ಅರ್ಥವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಮೊದಮೊದಲು ಹಿರಿಯರು ಮುಖ ಸಿಂಡರಿಸಿದರು. ಈಗ ಅರ್ಥ ಹೇಳದೆ ಚಹಾ ತರಲು ಎದ್ದರೆ ಅವರೇ ಕೂರಿಸುತ್ತಾರೆ.

ಅರ್ಥವಿಲ್ಲದೆ ಕೇಳುವುದು ವ್ಯರ್ಥ ಅಂತ ಇದರಿಂದ ಯಾರೂ ತಿಳಿಯಬಾರದು. ಸಂಜೆಯ ಮಗರಿಬ್ ನಮಾಜ್ ಬಿಡುವ ಹೊತ್ತಿಗೆ ನಮ್ಮ ಮಸೀದಿ ಬಾಗಿಲಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರು ನಿಂತಿರುತ್ತಾರೆ. ಹಣೆಯಲ್ಲಿ ಕುಂಕುಮ ಇಟ್ಟವರೇ ಹೆಚ್ಚು. ಮಗು ಬೆಚ್ಚಿ ಬೀಳುತ್ತೆ, ದೃಷ್ಟಿ ಆಗೈತೆ ಅಂತ ಬಂದವರು. ಹೊರಗೆ ಬರುವ ನಮಾಜಿಗಳು ಒಬ್ಬೊಬ್ಬರಾಗಿ ಸಣ್ಣಗೆ ಕುರ್‌ಆನಿನ ಮೊದಲ ಸೂರಾ ಫಾತಿಹಾ ಓದಿ ಮಗುವಿನ ಮುಖಕ್ಕೆ ಊದಿ ಹೋಗುತ್ತಾರೆ. ಮುದುಕರು, ಗ್ಯಾರೇಜ್ ಹುಡುಗರು, ಯೂನಿಫಾರ್ಮಿನಲ್ಲೇ ಬಂದ ಕಂಡಕ್ಟರು. ತಾಯಿಗೆ ಅರಬ್ಬಿ ಗೊತ್ತಿಲ್ಲ, ಮಗುವಿಗೆ ಯಾವ ಭಾಷೆಯೂ ಗೊತ್ತಿಲ್ಲ. ಆದರೆ ಪರಿಚಯವೇ ಇಲ್ಲದ ಇಷ್ಟು ಜನ ನಿಂತು ತನ್ನ ಮಗುವಿಗೆ ಒಳ್ಳೆಯದಾಗಲಿ ಅಂತ ಬಾಯಾರೆ ಹೇಳಿ ಹೋಗುವುದನ್ನು ಕಂಡ ತಾಯಿಯ ಎದೆ ಹಗುರಾಗುತ್ತದೆ. ದಾವಣಗೆರೆ ಕೆಟ್ಟ ದಿನಗಳನ್ನೂ ಕಂಡ ಊರು. ಆ ಬಾಗಿಲಲ್ಲಿ ನಿಲ್ಲುವ ತಾಯಂದಿರು ಮಾತ್ರ ನಿಂತೇ ಇದ್ದಾರೆ. ಇದನ್ನು ಲಾಭ ಅನ್ನದೆ ಇನ್ನೇನು ಅನ್ನಲಿ?

ಕೇಳಲು ಇಷ್ಟವಿಲ್ಲದವರಿಗೆ ಕೇಳಿಸುವುದರಲ್ಲಿ ಮಾತ್ರ ಯಾವ ಪುಣ್ಯವೂ ಇಲ್ಲ ಅನ್ನುವುದು ನನ್ನ ನಿಲುವು. ಪ್ರಾರ್ಥನೆಯಲ್ಲಿ ದನಿಯನ್ನು ತೀರಾ ಏರಿಸಬೇಡಿ, ತೀರಾ ಇಳಿಸಲೂ ಬೇಡಿ, ನಡುವಿನ ದಾರಿ ಹಿಡಿಯಿರಿ ಅನ್ನುತ್ತದೆ 17ನೇ ಸೂರಾದ 110ನೇ ಆಯತ್. ಮಸೀದಿಯಲ್ಲಿ ಕೆಲವರು ಗಟ್ಟಿಯಾಗಿ ಓದುತ್ತಿದ್ದಾಗ, ನೀವೆಲ್ಲ ನಿಮ್ಮ ಒಡೆಯನ ಜೊತೆ ಗುಟ್ಟಿನಲ್ಲಿ ಮಾತಾಡುತ್ತಿದ್ದೀರಿ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಎಂದು ಪ್ರವಾದಿಯವರು(ಸ) ತಡೆದದ್ದೂ ಹದೀಸಿನಲ್ಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನುವ ನಿಯಮ 2000ದಲ್ಲಿ ಬಂತು. ಅದಕ್ಕೆ ಎಷ್ಟೋ ಶತಮಾನ ಮೊದಲೇ ಬಂದ ಮಾತು ಇದು. ಎಲ್ಲ ಧರ್ಮದವರಿಗೂ ಒಪ್ಪುವ ಮಾತು.

ಮೇಷ್ಟ್ರೇ, ಕೇಳಿ ನೋಡಬೇಕು ಅನಿಸಿದರೆ, ಅರಬ್ಬಿ ಬಾರದ ಯಾರಿಗೇ ಆಗಲಿ, ನಾನು ಹೇಳುವುದು 93ನೇ ಸೂರಾ ದುಹಾದಿಂದ ಶುರು ಮಾಡಿ ಅಂತ. 11 ಆಯತ್, ಎರಡು ನಿಮಿಷವೂ ಹಿಡಿಯುವುದಿಲ್ಲ. ಮೊದಲು ಕನ್ನಡದಲ್ಲಿ ಓದಿಕೊಳ್ಳಿ. ನಿನ್ನ ಒಡೆಯ ನಿನ್ನ ಕೈಬಿಟ್ಟಿಲ್ಲ, ನಿನ್ನ ಮೇಲೆ ಮುನಿದಿಲ್ಲ ಅನ್ನುತ್ತದೆ. ನೀನು ಅನಾಥನಾಗಿದ್ದಾಗ ಆಸರೆ ಕೊಡಲಿಲ್ಲವೇ ಅಂತ ನೆನಪಿಸುತ್ತದೆ. ಆಮೇಲೆ, ಹಾಗಾದರೆ ನೀನು ಅನಾಥನನ್ನು ದಬಾಯಿಸಬೇಡ, ಬೇಡಿ ಬಂದವನನ್ನು ಗದರಿಸಬೇಡ ಅನ್ನುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡು ಮಹಮೂದ್ ಖಲೀಲ್ ಅಲ್-ಹುಸರಿಯವರ ಓದನ್ನು ಹಾಕಿಕೊಳ್ಳಿ. ಇಡೀ ಕುರ್‌ಆನನ್ನು ಮೊದಲ ಬಾರಿಗೆ ರೆಕಾರ್ಡ್ ಮಾಡಿದವರು ಅವರು, 1961ರಲ್ಲಿ ಅದು ಹೊರಬಂತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ, ಆಡಂಬರ ಇಲ್ಲ. ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಎರಡು ಸಲ ಕೇಳಿ, ಸಾಕು. ಮರುದಿನ ಮಾಊನ್. ಅಬ್ದುಲ್ ಬಾಸಿತ್ ಅವರನ್ನು ಮಾತ್ರ ಇವೆರಡೂ ಪರಿಚಯವಾಗುವ ತನಕ ತಡೆದಿಡಿ. ಮೊದಲೇ ಅವರ ಬಳಿ ಹೋದರೆ ದನಿಯ ಸೊಬಗಿಗೇ ಮನಸ್ಸು ಸೋತು ಅನಾಥನ ಮಾತು ಹಿಂದೆ ಬಿದ್ದುಬಿಡುತ್ತದೆ.